ಸಣ್ಣಕಾಳಿನ ಹೆಸರು

ನಮ್ಮೂರಿನ ಅಂಗಡಿಗೆ ಬಂದು ಯಾರಾದರೂ "ಕಾಲು ಕೆ.ಜಿ. ಜೀರಿಗೆ ಕೊಡಿ" ಅಂದರೆ ಅವರು ಹೊರಗಿನವರೆಂದು ತಕ್ಷಣ ಗೊತ್ತಾಗಿಬಿಡುತ್ತದೆ. ನಿಂತವರೆಲ್ಲ ಅವರ ಕಡೆ ತಿರುಗುತ್ತಾರೆ. ಈ ಮನುಷ್ಯನಿಗೆ ನಾನೇನಪ್ಪ ತಪ್ಪು ಮಾಡಿದ್ದೆ ಎಂದು ಅಂಗಡಿಯವನು ಬೆವೆತುಹೋಗುತ್ತಾನೆ. ಆಮೇಲೆ ಗಂಟಲು ಸರಿಮಾಡಿಕೊಂಡು, "ಸಣ್ಣಕಾಳು ಅನ್ನಿ ಸಾರ್, ಸಣ್ಣಕಾಳು" ಎಂದು ತಿದ್ದಿ ಪೊಟ್ಟಣ ಕಟ್ಟುತ್ತಾನೆ. ನಿನ್ನೆ ನೀವು ಬಂದಾಗ ಆದದ್ದೂ ಅದೇ. ಪಾಪ, ನಿಮ್ಮದೇನೂ ತಪ್ಪಿಲ್ಲ ಬಿಡಿ, ನಿಮ್ಮಲ್ಲಿ ಅದು ಸಾರಿಗೆ ಹಾಕುವ ಕಾಳಿನ ಹೆಸರು ಅಷ್ಟೇ. ಯಾಕೆ ಹೀಗೆ ಎಂದು ನೀವು ಕೇಳಿದಿರಿ. ಆ ಹೆಸರನ್ನು ಬಾಯಿಂದ ಆಡಬಾರದೇ ಹೊರತು ಬರೆಯುವುದಕ್ಕೆ ಅಡ್ಡಿಯಿಲ್ಲ. ಅದಕ್ಕೇ ಬರೆದು ಕೊಡುತ್ತಿದ್ದೇನೆ, ಊರು ದಾಟಿದ ಮೇಲೆ ಓದಿ.

ಸಾರಿಗೆ ನಾವೂ ಹಾಕುತ್ತೇವೆ. ಮಜ್ಜಿಗೆಗೆ ಹಾಕುತ್ತೇವೆ, ಬಾಣಂತಿಗೆ ಕಷಾಯ ಮಾಡಿ ಕುಡಿಸುತ್ತೇವೆ. ಹೆಸರನ್ನು ಮಾತ್ರ ಬೇರೆ ಕೆಲಸಕ್ಕೆ ತೆಗೆದಿಟ್ಟಿದ್ದೇವೆ. ತಿಂದದ್ದನ್ನು ಜೀರ್ಣ ಮಾಡುವ ಕಾಳಿನ ಹೆಸರಲ್ಲವೇ ಅದು? ನೋವು ತಿಂದವರು ನೋವು ಕೊಟ್ಟವರ ಮುಖ ನೋಡಿ ಒಂದು ಸಲ ಆ ಹೆಸರು ಹೇಳಿದರೆ ಮುಗಿಯಿತು. ಹೊತ್ತು ಮುಳುಗುವಷ್ಟರಲ್ಲಿ ಆ ಸಂಗತಿ ಇಬ್ಬರೊಳಗೂ ಜೀರ್ಣವಾಗಿ ಹೋಗುತ್ತದೆ. ಮರೆತಂತೆ ನಟಿಸುವುದಲ್ಲ, ನಿಜವಾಗಿ ಮರೆಯುತ್ತಾರೆ. ಆ ಸಂಗತಿ ನಡೆದ ದಿನ ಇರುತ್ತದಲ್ಲ, ಬೆಳಗಿನಿಂದ ಬೈಗಿನವರೆಗೆ ಅದೂ ಇಡಿಯಾಗಿ ಹೋಗುತ್ತದೆ. ಅದಕ್ಕೇ ಚಿಲ್ಲರೆ ಜಗಳಕ್ಕೆಲ್ಲ ಯಾರೂ ಬಳಸುವುದಿಲ್ಲ. ಕೆಳಗಿನ ಕೇರಿಯಲ್ಲಿ ಒಂದು ಜೋಡಿ ಇತ್ತು, ಮಾತೆತ್ತಿದರೆ ಒಬ್ಬರಿಗೊಬ್ಬರು ಹೇಳಿಕೊಳ್ಳೋರು. ಕೊನೆಗೆ ಒಂದು ದಿನ ಅಡುಗೆಮನೆಯಲ್ಲಿ ಎದುರಾಗಿ "ನಮಸ್ಕಾರ, ತಾವು ಯಾವೂರಾಯ್ತು?" ಅಂದರಂತೆ.

ನಗಬೇಡಿ. ಇನ್ನೆರಡು ಕಟ್ಟಳೆ ಇವೆ, ಅವು ಗೊತ್ತಿಲ್ಲದಿದ್ದರೆ ಮುಂದಿನದು ಅರ್ಥವಾಗುವುದಿಲ್ಲ. ತಪ್ಪು ಮಾಡಿದವರು ಮೊದಲು ನೊಂದವರ ಒಲೆಯ ಮುಂದೆ ಕೂತು, ಆದದ್ದನ್ನು ಒಂದಕ್ಷರ ಬಿಡದೆ ಹೇಳಬೇಕು. ಪೂರಾ ಕೇಳಿಸಿಕೊಂಡವರು ಹೆಸರು ಹೇಳಲೇಬೇಕು. ಹೇಳಲು ಮನಸ್ಸಿಲ್ಲದವರು ಕೇಳಿಸಿಕೊಳ್ಳಲೇಬಾರದು. ಮತ್ತೊಂದು, ಒಮ್ಮೆ ಜೀರ್ಣವಾದದ್ದನ್ನು ಆ ಇಬ್ಬರ ಮುಂದೆ ಯಾರೂ ಯಾವತ್ತೂ ಕೆದಕಬಾರದು.

ನಾನು ಕಸ್ತೂರಿ. ನನ್ನಪ್ಪ ತೋಟಪ್ಪ. ಹಳ್ಳದಾಚೆಯ ಸಂತೆಯಿಂದ ಎತ್ತಿನ ಗಾಡಿಯಲ್ಲಿ ಕಾಳಿನ ಮೂಟೆ ತರುವುದು ಅವನ ಕಸುಬು. ಜೊತೆಗಾರ ಎದುರುಮನೆಯ ಕೊಟ್ರಣ್ಣ. ಒಂದೇ ಗಾಡಿ, ಆ ಕಡೆಯ ಎತ್ತು ಅವರದು, ಈ ಕಡೆಯದು ನಮ್ಮದು. ನನಗೆ ಅವರು ದೊಡ್ಡಪ್ಪ ಆಗಬೇಕಿತ್ತು, ಆದರೆ ನಾನು ಅವರ ಮುಖ ನೋಡಿದವಳಲ್ಲ. ನಾನು ಹುಟ್ಟಿದ ದಿನವೇ ಅವರು ಹಳ್ಳದ ನೀರಿಗೆ ಹೋದರು. ಬೆಳಿಗ್ಗೆ ಗಾಡಿಯಲ್ಲಿ ಇಬ್ಬರು ಹೋಗಿದ್ದರು, ಸಂಜೆ ನಡೆದುಕೊಂಡು ಒಬ್ಬನೇ ಬಂದ. ಅಪ್ಪ ಊರಿಗೆ ಹೇಳಿದ್ದು ಇಷ್ಟು: ಗಾಡಿ ಮಗುಚಿತು, ಅಣ್ಣನ ಕೈ ಹಿಡಿದುಕೊಂಡಿದ್ದೆ, "ನನ್ನ ಬಿಡು ತೋಟಾ, ನೀನಾದರೂ ಬದುಕು" ಅಂತ ಅವನೇ ಅಂದ. ಊರು ಲೊಚಗುಟ್ಟಿತು, ಎಂಥ ದೊಡ್ಡ ಮನುಷ್ಯ ಅಂದಿತು. ಕೊಟ್ರಣ್ಣನ ಹೆಂಡತಿ ಹಾಲಮ್ಮ ದೊಡ್ಡಮ್ಮ ಒಬ್ಬಳು ಮಾತ್ರ ನಂಬಲಿಲ್ಲ. "ನಮ್ಮವರು ಹಂಗನ್ನೋರಲ್ಲ. ಅವರಿಗೆ ಬದುಕೋ ಆಸೆ ಸಿಕ್ಕಾಪಟ್ಟೆ ಇತ್ತು" ಅಂದಳು. ಅಂದು ಬಾಗಿಲು ಹಾಕಿಕೊಂಡವಳು ಅಪ್ಪನ ಪಾಲಿಗೆ ತೆಗೆಯಲೇ ಇಲ್ಲ.

ನನ್ನ ಪಾಲಿಗೆ ಮಾತ್ರ ಹಿತ್ತಲ ಬಾಗಿಲು ತೆಗೆದೇ ಇತ್ತು. ಅವಳಿಗೆ ಮಕ್ಕಳಿಲ್ಲ. ಸಾರಿನ ಪುಡಿ ಮಾಡಿ ಮನೆಮನೆಗೆ ಕೊಡುತ್ತಿದ್ದಳು. ಬಾಣಲೆಯಲ್ಲಿ ಸಣ್ಣಕಾಳು ಚಟಪಟ ಅನ್ನುವ ಮೊದಲೇ ಇಳಿಸಬೇಕೆಂದು ನನಗೆ ಕಲಿಸಿದವಳು ಅವಳೇ. ತಲೆ ಬಾಚಿದಳು, ಲಂಗ ಹೊಲಿದುಕೊಟ್ಟಳು, ಹೊಟ್ಟೆ ಬಿರಿಯೆ ಉಣಿಸಿದಳು. ಅಪ್ಪ ಪ್ರತಿ ಯುಗಾದಿಗೂ ಬೇವುಬೆಲ್ಲದ ಬಟ್ಟಲು ಹಿಡಿದು ಅವಳ ಜಗಲಿಯ ಕೆಳಗೆ ನಿಲ್ಲುತ್ತಿದ್ದ. "ಅತ್ತಿಗೆ, ಒಂದು ಸಲ ಕೇಳಿಸಿಕೊಳ್ಳಿ" ಅನ್ನುತ್ತಿದ್ದ. ಒಳಗೆ ಕುಟ್ಟುವ ಸದ್ದು ಜೋರಾಗುತ್ತಿತ್ತು. ಇಪ್ಪತ್ತೆರಡು ಯುಗಾದಿ ಹೀಗೇ ಹೋಯಿತು.

ಈಗ ಮದುವೆಯ ವಿಷಯಕ್ಕೆ ಬರುತ್ತೇನೆ. ನಮ್ಮಲ್ಲಿ ಗಂಡುಹೆಣ್ಣು ಒಬ್ಬರ ತಲೆಯ ಮೇಲೊಬ್ಬರು ಸಣ್ಣಕಾಳು ಕುಟ್ಟಿದ ಬೆಲ್ಲ, ಅಂದರೆ ಕಾಳು-ಬೆಲ್ಲ, ಇಟ್ಟರೇನೇ ಮದುವೆ. ಆ ಕಾಳು-ಬೆಲ್ಲವನ್ನು ಅವತ್ತೇ ಬೆಳಿಗ್ಗೆ ಹೆಣ್ಣಿನ ಮನೆಯ ಒರಳಲ್ಲಿ ಕುಟ್ಟಬೇಕು. ಆ ಮನೆಯವರ ಮೇಲೆ ಊರಲ್ಲಿ ಯಾರ ಹೊಟ್ಟೆಯಲ್ಲಾದರೂ ಜೀರ್ಣವಾಗದ್ದು ಉಳಿದಿದ್ದರೆ ಬೆಲ್ಲ ಕಾಳನ್ನು ಹಿಡಿಯುವುದಿಲ್ಲ. ಎಷ್ಟು ಕುಟ್ಟಿದರೂ ಬೆಲ್ಲ ಬೇರೆ, ಕಾಳು ಬೇರೆ, ಒಣ ಮರಳು. ಗಂಡಿನವರು ಎದ್ದು ಹೋಗುತ್ತಾರೆ. ಹಾಗೆ ಎದ್ದುಹೋದ ಮನೆಗೆ ಮತ್ತೆ ಗಂಡು ಬರುವುದಿಲ್ಲ. ಗೊತ್ತಿದ್ದೂ ಅಪ್ಪ ಮಾತು ಕೊಟ್ಟುಬಿಟ್ಟಿದ್ದ. ಗಂಡಿನ ಸೋದರಮಾವ ಪಂಪಣ್ಣ ನಿಶ್ಚಯದ ದಿನ ನೇರಾನೇರ ಕೇಳಿದ್ದರು, "ಎದುರುಮನೆಯದು ಮುಗಿದಿದೆಯೇನ್ರಿ?" ಅಂತ. "ಮುಗಿದಂಗೇ" ಅಂದಿದ್ದ ಅಪ್ಪ. ದೊಡ್ಡಮ್ಮ ನನ್ನ ಮೇಲಿನ ಪ್ರೀತಿಗಾದರೂ ಕರಗುತ್ತಾಳೆ ಅನ್ನುವ ಧೈರ್ಯ. ನಾನೂ ಅದನ್ನೇ ನಂಬಿಕೊಂಡು, ಗಂಡು ಚನ್ನವೀರನ ಹೆಸರು ಕೇಳಿದರೆ ಸಾಕು ಕುಣಿಯುತ್ತಿದ್ದೆ. ಅವಳನ್ನು ಕೇಳಲು ಮಾತ್ರ ಬಾಯಿ ಬರಲಿಲ್ಲ. ಇವತ್ತು ಕೇಳೋಣ, ನಾಳೆ ಕೇಳೋಣ ಅನ್ನುತ್ತ ಮದುವೆಯ ದಿನವೇ ಬಂತು.

ಮುಹೂರ್ತ ಹತ್ತೂ ನಲವತ್ತಕ್ಕೆ. ಒಂಬತ್ತಕ್ಕೆ ಚಿಕ್ಕಮ್ಮ ಒರಳ ಮುಂದೆ ನಿಂತಳು. ನನಗೆ ಆಗಲೇ ಅರಿಶಿನದ ನೀರು ಹಾಕಿ, ಸೀರೆ ಉಡಿಸಿಯಾಗಿತ್ತು, ಬಾಸಿಂಗ ಕಟ್ಟುವುದೊಂದು ಬಾಕಿ ಇತ್ತು. ದಡ್ ದಡ್ ಅಂತ ಒನಕೆಯ ಸದ್ದು. ಕಾಲು ಗಂಟೆಯಾಯಿತು. ಬೆಲ್ಲ ಬದಲಿಸಿದಳು. ಒಂದು ಚಮಚ ತುಪ್ಪ ಹಾಕಿದಳು. ಒಂದು ಹನಿ ನೀರು ಚಿಮುಕಿಸಿದಳು. ಆಮೇಲೆ ಒನಕೆ ನಿಂತಿತು. ನಾನು ಇಣುಕಿ ನೋಡಿದೆ. ಚಿಕ್ಕಮ್ಮ ಒಂದು ಹಿಡಿ ಎತ್ತಿ ಉಂಡೆ ಕಟ್ಟಲು ನೋಡುತ್ತಿದ್ದಾಳೆ, ಬೆರಳ ಸಂದಿಯಿಂದ ಅದು ಸುರಸುರ ಉದುರುತ್ತಿದೆ. ಅಮ್ಮ ಸೆರಗು ಬಾಯಿಗೆ ತುರುಕಿಕೊಂಡು ಗೋಡೆಗೆ ಒರಗಿದ್ದಳು.

"ಕುಟ್ಟು, ಕುಟ್ಟು, ನಿಲ್ಲಿಸಬೇಡ" ಎಂದು ಅಪ್ಪ ಪಿಸುಗುಟ್ಟಿದ. ಚಪ್ಪರದಲ್ಲಿ ಗಂಡಿನವರು ಕೂತು ಕಾಫಿ ಕುಡಿಯುತ್ತಿದ್ದರು. ಸದ್ದು ನಿಂತರೆ ಅನುಮಾನ, ಬಹಳ ಹೊತ್ತು ನಡೆದರೂ ಅನುಮಾನ. ಒಂಬತ್ತೂವರೆಗೆ ಪಂಪಣ್ಣ ಎದ್ದು ನಡುಮನೆಯ ಬಾಗಿಲಿಗೆ ಬಂದರು. "ಏನ್ ತೋಟಪ್ಪನವರೇ, ಒಂದು ಬಟ್ಟಲು ಕುಟ್ಟೋಕೆ ಇಷ್ಟು ಹೊತ್ತಾ? ಊರಿಗೆಲ್ಲ ಹಂಚ್ತೀರೇನು?" ನಕ್ಕೇ ಕೇಳಿದರು. ಆದರೆ ಅವರ ಕಣ್ಣು ಒರಳ ಕಡೆಗಿತ್ತು. ಅಪ್ಪನ ಮುಖದಲ್ಲಿ ರಕ್ತ ಇರಲಿಲ್ಲ. "ಹತ್ತೂಕಾಲಿಗೆ ಕಾಳು-ಬೆಲ್ಲದ ತಟ್ಟೆ ಚಪ್ಪರಕ್ಕೆ ಬರಲಿ. ಇಲ್ಲಾಂದ್ರೆ ನಮ್ಮ ದಾರಿ ನಮಗೆ" ಅಂದು ಅವರು ಹೊರಗೆ ಹೋದರು.

ನಾನು ಯಾರನ್ನೂ ಕೇಳಲಿಲ್ಲ. ನೆರಿಗೆ ಎತ್ತಿ ಹಿಡಿದು, ಹಿತ್ತಲಿನಿಂದ ಸುತ್ತು ಹಾಕಿಕೊಂಡು ಬೀದಿ ದಾಟಿದೆ. ಮದುಮಗಳು ಹೊಸ್ತಿಲು ದಾಟಬಾರದಂತೆ. ಬಿಡಿ, ಮದುವೆಯೇ ಇಲ್ಲದ ಮೇಲೆ ಎಂಥ ಮದುಮಗಳು.

ದೊಡ್ಡಮ್ಮ ಒಲೆಯ ಮುಂದೆ ಕೊತ್ತಂಬರಿ ಬೀಜ ಹುರಿಯುತ್ತಿದ್ದಳು. ಬೀದಿಯ ಆಚೆಗೆ ಮದುವೆಯ ಓಲಗ, ಒಳಗೆ ಅವಳು ದಿನದ ಕೆಲಸ ಮಾಡುತ್ತಿದ್ದಾಳೆ. ನನ್ನನ್ನು ಕಂಡವಳೇ ಸಟ್ಟುಗ ಬಿಟ್ಟು ಎದ್ದಳು. "ಅಯ್ಯೋ ಹುಚ್ಚಿ, ಗಂಡ ಸತ್ತವಳ ಮನೆಗೆ ಈ ವೇಷದಲ್ಲಿ ಬರ್ತಾರೇನೇ? ನಡಿ, ನಡಿ."

"ಬೆಲ್ಲ ಹಿಡೀತಿಲ್ಲ ದೊಡ್ಡಮ್ಮ" ಅಂದೆ. ಅಷ್ಟೇ ಬಾಯಿಗೆ ಬಂದದ್ದು. ಅವಳ ಕಾಲ ಬಳಿ ಕುಸಿದೆ.

ಬಾಣಲೆಯಲ್ಲಿ ಕೊತ್ತಂಬರಿ ಸೀದ ವಾಸನೆ ಎದ್ದಿತು, ಅವಳು ಇಳಿಸಲಿಲ್ಲ. ಆಮೇಲೆ ನನ್ನ ಪಕ್ಕದಲ್ಲೇ ನೆಲಕ್ಕೆ ಕೂತಳು. "ನಿನಗೆ ಏನು ಕೇಳ್ತಿದ್ದೀಯ ಅಂತ ಗೊತ್ತೇನೇ?" ಅಂದಳು. "ಆ ದಿನ ಬೆಳಿಗ್ಗೆ ನಾನು ಬಚ್ಚಲಿಂದ ಬಂದೆ, ಅವರು ನನ್ನ ತಲೆ ಒರೆಸಿದರು. ಗಂಡಸರು ಯಾರಾದರೂ ಒರೆಸ್ತಾರೇನೇ? ಕಿಟಕಿ ಹಾಕಿ ಒರೆಸಿದರು, ಯಾರಾದರೂ ನೋಡಿ ನಕ್ಕಾರು ಅಂತ. ಎರಡು ರೊಟ್ಟಿ ತಿಂದರು. ಬಾಗಿಲು ದಾಟಿದವರು ತಿರುಗಿ ಬಂದು, 'ಏಯ್, ಸಂಜೆಗೆ ಮೆಂತ್ಯದ ಮುದ್ದೆ ಮಾಡಿರು, ತುಪ್ಪ ಜಾಸ್ತಿ ಹಾಕು' ಅಂದರು. ಮಾಡಿಟ್ಟೆ. ಆ ಪಾತ್ರೆ ಹಂಗೇ ಆರಿತು. ನಾನು ಹೆಸರು ಹೇಳಿದರೆ ಹಳ್ಳದ ಹೊತ್ತು ಒಂದೇ ಹೋಗಲ್ಲ ಕಸ್ತೂರಿ, ಈ ಬೆಳಗೂ ಹೋಗುತ್ತೆ. ನನ್ನ ಹತ್ರ ಇರೋದೇ ಅದು. ಸಿಟ್ಟು ಅಂತ ಊರು ತಿಳ್ಕೊಂಡಿದೆ. ಸಿಟ್ಟು ಯಾವಾಗಲೋ ಸತ್ತೋಯ್ತು. ಆ ಬೆಳಗು ಬಿಟ್ಟುಕೊಡೋಕಾಗದೆ ಬಾಗಿಲು ಹಾಕ್ಕೊಂಡಿದ್ದೀನಿ."

ನನಗೆ ಭೂಮಿಗಿಳಿದುಹೋಗುವ ಹಾಗಾಯಿತು. ಏನು ಕೇಳಲು ಬಂದೆನಪ್ಪ ನಾನು, ಎಂಥ ಸ್ವಾರ್ಥಿ! "ಬೇಡ ದೊಡ್ಡಮ್ಮ, ಬೇಡ" ಎಂದು ಎದ್ದೆ. ಆದರೆ ಅವಳು ನನ್ನ ಕೈ ಹಿಡಿದಿದ್ದಳು. ಒರಳಿನ ದಡ್ ದಡ್ ಇಲ್ಲಿಗೂ ಕೇಳುತ್ತಿತ್ತು. ಚಿಕ್ಕಮ್ಮನ ತೋಳು ಸೋತು ಸದ್ದು ನಿಧಾನವಾಗಿತ್ತು.

"ಎಷ್ಟು ಗಂಟೆ?" ಅಂದಳು.

"ಹತ್ತಾಗ್ತಾ ಬಂತು."

"ನಾನು ಹೇಳಿದ್ದು ನೆನಪಿಟ್ಟುಕೊಂಡೆಯಾ? ಕಿಟಕಿ, ರೊಟ್ಟಿ, ಮೆಂತ್ಯದ ಮುದ್ದೆ?"

ತಲೆಯಾಡಿಸಿದೆ.

"ಹಂಗಾದರೆ ನಿಮ್ಮಪ್ಪನ್ನ ಕರಿ. ನೀನೂ ಇಲ್ಲೇ ಇರು. ಇನ್ಯಾರೂ ಬೇಡ."

ಅಪ್ಪ ಬಂದ. ಇಪ್ಪತ್ತೆರಡು ವರ್ಷದಲ್ಲಿ ಮೊದಲ ಸಲ ಆ ಹೊಸ್ತಿಲು ದಾಟುವಾಗ ಪೇಟ ಬಾಗಿಲಿಗೆ ತಗಲಿ ಬಿತ್ತು, ಎತ್ತಿಕೊಳ್ಳಲಿಲ್ಲ. ಒಲೆಯ ಮುಂದೆ ಮಂಡಿಯೂರಿದ. ನನ್ನ ಕಡೆ ನೋಡಿದ. "ಇವಳು ಹೊರಗೆ ಹೋಗಲಿ ಅತ್ತಿಗೆ" ಅಂದ.

"ಇರ್ತಾಳೆ. ಹೇಳು."

"ಆ ದಿನ ಸಂತೆಯಿಂದ ವಾಪಸು ಬರ್ತಾ ಹಳ್ಳ ಕೆಂಪಗೆ ಏರ್ತಿತ್ತು. ಅಣ್ಣ 'ಇಲ್ಲೇ ಗಾಡಿ ಬಿಚ್ಚೋಣ, ನೀರು ಇಳೀಲಿ' ಅಂದ. ನಾನು ಕೇಳಲಿಲ್ಲ. ಬೆಳಿಗ್ಗೆ ಹೊರಡುವಾಗಲೇ ಇವಳಮ್ಮನಿಗೆ ನೋವು ಕಾಣಿಸಿಕೊಂಡಿತ್ತು. 'ನಿನಗೆ ಮಕ್ಕಳಿಲ್ಲ, ನಿನಗೇನು ಗೊತ್ತಾಗುತ್ತೆ' ಅಂದುಬಿಟ್ಟೆ. ಅಂದುಬಿಟ್ಟೆ ಅತ್ತಿಗೆ. ಆಮೇಲೆ ಅವನು ಒಂದು ಮಾತೂ ಆಡದೆ ಎತ್ತು ಹೊಡೆದ."

ದೊಡ್ಡಮ್ಮ ಕಣ್ಣು ಮಿಟುಕಿಸಲಿಲ್ಲ. ಕೊಟ್ರಣ್ಣ ದೊಡ್ಡಪ್ಪ ಹೋದದ್ದು ನಾನು ಹುಟ್ಟಿದ ದಿನ ಎಂದಷ್ಟೇ ನನಗೆ ಗೊತ್ತಿದ್ದದ್ದು. ನಾನು ಹುಟ್ಟುತ್ತಿದ್ದೇನೆಂದೇ ಆ ಗಾಡಿ ನೀರಿಗಿಳಿದದ್ದು ಗೊತ್ತಿರಲಿಲ್ಲ.

"ನಡುನೀರಲ್ಲಿ ಮಗುಚಿತು. ಅಣ್ಣನ ಕಾಲು ಗಾಲಿಯ ಕಡ್ಡಿಗಳ ನಡುವೆ ಸಿಕ್ಕಿಕೊಂಡಿತ್ತು. ನಾನು ಬಂಡೆ ಹಿಡಿದು, ಇನ್ನೊಂದು ಕೈಲಿ ಅವನ ಕೈ ಹಿಡಿದೆ. ನೀರು ಎದೆ ದಾಟಿ ಕುತ್ತಿಗೆಗೆ ಬಂತು." ಅಪ್ಪ ನಿಲ್ಲಿಸಿದ. ಬೀದಿಯಲ್ಲಿ ಯಾರೋ "ತಟ್ಟೆ ಎಲ್ಲಿ, ತಟ್ಟೆ?" ಎಂದು ಕೂಗುತ್ತಿದ್ದರು. ಪಂಪಣ್ಣನ ದನಿ. "ಹತ್ತೂಕಾಲಾಯ್ತು!"

"ಹೇಳು ತೋಟಪ್ಪ. ಬಿಡು ಅಂದರಾ ಅವರು?"

ಇಲ್ಲಿ ಅವನು ಹಳೆಯ ಮಾತನ್ನೇ ಹೇಳಿಬಿಡಬಹುದಿತ್ತು. ಹೇಳಿದ್ದರೆ ಬೆಲ್ಲ ಹಿಡಿಯುತ್ತಿರಲಿಲ್ಲ, ಅದು ಬೇರೆ. ಆದರೆ ಆ ಗಳಿಗೆಯಲ್ಲಿ ಅವನಿಗೆ ಬೆಲ್ಲದ ನೆನಪಿತ್ತು ಅಂತ ನನಗನಿಸುವುದಿಲ್ಲ. ಅಪ್ಪ ದೊಡ್ಡಮ್ಮನ ಮುಖವನ್ನೇ ನೋಡಿದ.

"ಇಲ್ಲ" ಅಂದ. "ಬಿಡಬ್ಯಾಡ ಅಂದ. 'ತೋಟಾ, ಬಿಡಬ್ಯಾಡ ಕಣೋ, ಬಿಡಬ್ಯಾಡ ಕಣೋ' ಅಂತಲೇ ಇದ್ದ. ಅವನ ಕೈ ಜಾರಲಿಲ್ಲ ಅತ್ತಿಗೆ. ಗಟ್ಟಿಯಾಗೇ ಹಿಡಿದಿದ್ದ. ನಾನು ಬಿಡಿಸಿಕೊಂಡೆ. ಒಂದೊಂದೇ ಬೆರಳು ಬಿಡಿಸಿಕೊಂಡೆ."

ನಮ್ಮ ಮನೆಯ ಒರಳು ನಿಂತಿತ್ತು. ಚಪ್ಪರದಲ್ಲಿ ಜನ ಏಳುವ, ಕುರ್ಚಿ ಎಳೆಯುವ ಗಲಿಬಿಲಿ. ದೊಡ್ಡಮ್ಮ ಹೆಸರು ಹೇಳುವುದಿಲ್ಲ ಅಂತಲೇ ನಾನಂದುಕೊಂಡೆ. ನಾನಾಗಿದ್ದರೆ ಹೇಳುತ್ತಿರಲಿಲ್ಲ, ನಿಜ ಹೇಳುತ್ತೇನೆ. ಎದ್ದು ಸೌದೆ ತೆಗೆದುಕೊಂಡು ಹೊಡೆಯುತ್ತಿದ್ದೆ.

"ನಾನು ಹೇಳಲಿಲ್ಲವಾ" ಅಂದಳು ಅವಳು, ಊರಿಗೆಲ್ಲ ಹೇಳುವಂತೆ. "ಅವರು ಹಂಗನ್ನೋರಲ್ಲ ಅಂತ." ಆಮೇಲೆ ಕೇಳಿದಳು, "ಯಾವ ಕೈ?"

ಅಪ್ಪ ಬಲಗೈ ಚಾಚಿದ. ಅವಳು ಅದನ್ನು ತನ್ನ ಎರಡೂ ಕೈಯಲ್ಲಿ ತೆಗೆದುಕೊಂಡಳು. ಮಗುಚಿ ನೋಡಿದಳು, ಒಂದೊಂದೇ ಬೆರಳು ಮುಟ್ಟಿದಳು, ಹೆಬ್ಬೆರಳಿಂದ ಕಿರುಬೆರಳಿನವರೆಗೆ. ತನ್ನ ಗಂಡ ಕೊನೆಗೆ ಹಿಡಿದಿದ್ದ ವಸ್ತು ಅಲ್ಲವೇ ಅದು. ಕಣ್ಣಿಗೆ ಒತ್ತಿಕೊಂಡಳು. ಆಗ ಅತ್ತಳು. ಹಾಗೆ ಅತ್ತದ್ದನ್ನು ನಾನು ಯಾವತ್ತೂ ಕಂಡಿರಲಿಲ್ಲ, ಮತ್ತೆಂದೂ ಕಾಣಲಿಲ್ಲ. ಅಳುತ್ತಳುತ್ತಲೇ ತಲೆ ಎತ್ತಿ, ಅಪ್ಪನ ಮುಖ ನೋಡಿ ಹೇಳಿದಳು.

"ಜೀರಿಗೆ."

ಒಂದು ಉಸಿರು ಕಳೆಯಿತೋ ಎರಡೋ. ಬೀದಿಯ ಆಚೆಯಿಂದ ಚಿಕ್ಕಮ್ಮ ಕಿರುಚಿದಳು, "ಹಿಡೀತು! ಹಿಡೀತು ಕಣ್ರೇ, ಬೆಲ್ಲ ಹಿಡೀತು!"

ಮದುವೆ ಆಯಿತು. ಹತ್ತೂ ನಲವತ್ತಕ್ಕೆ ಸರಿಯಾಗಿ ಚನ್ನವೀರ ನನ್ನ ನೆತ್ತಿಯ ಮೇಲೆ ಕಾಳು-ಬೆಲ್ಲ ಇಟ್ಟರು, ಅದು ಅಲ್ಲೇ ಕೂತಿತು. ಪಂಪಣ್ಣ ಎಲ್ಲರಿಗಿಂತ ಜೋರಾಗಿ ಅಕ್ಷತೆ ಎರಚಿದರು. ದೊಡ್ಡಮ್ಮ ಕಂಬಕ್ಕೊರಗಿ ನಿಂತು ಕಣ್ತುಂಬ ನೋಡಿದಳು. ಮಧ್ಯಾಹ್ನ ನನ್ನ ಕಿವಿಯಲ್ಲಿ ಇನ್ನೊಂದು ಸಲ ಕೇಳಿದಳು, "ಕಿಟಕಿ, ರೊಟ್ಟಿ, ಮೆಂತ್ಯದ ಮುದ್ದೆ. ನೆನಪಿದೆ ತಾನೆ?" ಸಂಜೆ ನನ್ನನ್ನು ಕಳಿಸಿಕೊಡುವ ಹೊತ್ತಿಗೆ ಹೊತ್ತು ಮುಳುಗುತ್ತಿತ್ತು. ಅಪ್ಪ ಗಾಡಿಯ ಗೂಟ ಹಿಡಿದು ಬಿಕ್ಕುತ್ತಿದ್ದ. ದೊಡ್ಡಮ್ಮ ಅವನ ಬೆನ್ನಿಗೊಂದು ಗುದ್ದು ಕೊಟ್ಟು, "ಏನೋ ತೋಟಪ್ಪ, ಮಗಳು ಎರಡು ಬೀದಿ ಆಚೆ ಹೋದರೆ ಹಿಂಗೆ ಅಳ್ತಾರೇನೋ, ನಾಚಿಕೆ ಆಗಲ್ವ?" ಅಂದಳು. ಅವಳ ಮುಖದಲ್ಲಿ ಆ ಹಳೆಯ ನೋವಿನ ಗೆರೆಯೇ ಇರಲಿಲ್ಲ. ನಾನು ಜೋರಾಗಿ ಅತ್ತುಬಿಟ್ಟೆ, ಊರವರು ತವರು ಬಿಡುವ ದುಃಖ ಅಂದುಕೊಂಡರು.

ಈಗ ಹದಿನಾಲ್ಕು ವರ್ಷವಾಯಿತು. ನಿನ್ನೆ ನೀವು ಎದುರುಬದುರು ಕೂತು ಕಾಳು ಆರಿಸುತ್ತಿದ್ದ ಇಬ್ಬರು ಮುದುಕರನ್ನು ನೋಡಿ ಅಣ್ಣತಂಗಿಯೇ ಎಂದು ಕೇಳಿದಿರಲ್ಲ, ಅವರೇ ಇವರು. ಕೊಟ್ರಣ್ಣ ನೀರಿಗೆ ಹೋದದ್ದು ಗೊತ್ತು, ಅಷ್ಟು ವರ್ಷ ಬಾಗಿಲು ಯಾಕೆ ಮುಚ್ಚಿತ್ತು ಎಂದು ಇಬ್ಬರಿಗೂ ಗೊತ್ತಿಲ್ಲ. ಕೇಳುವುದೂ ಇಲ್ಲ, ನಮ್ಮಲ್ಲಿ ಹಾಗೆ ಕೇಳಬಾರದು. ಅದೆಲ್ಲ ಈಗ ಇರುವುದು ನನ್ನೊಬ್ಬಳ ಹೊಟ್ಟೆಯಲ್ಲಿ. ಅಪ್ಪ ನನ್ನ ಮಗನ ಕೈ ಹಿಡಿದು ಬೀದಿ ದಾಟಿಸುವಾಗ ನಾನು ಆ ಬಲಗೈಯನ್ನೇ ನೋಡುತ್ತಿರುತ್ತೇನೆ. ನಾನು ಹೆಸರು ಹೇಳಿ ಮುಗಿಸಿಕೊಳ್ಳೋಣವೆಂದರೆ ನೋವು ತಿಂದವಳು ನಾನಲ್ಲ. ನನಗೆ ಅವನು ಮಾಡಿದ್ದು ಏನು? ನಾನು ಹುಟ್ಟುವ ಹೊತ್ತಿಗೆ ಮನೆಗೆ ಬಂದ, ಅಷ್ಟೇ.

ಪ್ರತಿವರ್ಷ ನನ್ನ ಹುಟ್ಟಿದ ದಿನ ಮೆಂತ್ಯದ ಮುದ್ದೆ ಮಾಡಿ ಸಂಜೆ ದೊಡ್ಡಮ್ಮನ ಮನೆಗೆ ಒಯ್ಯುತ್ತೇನೆ. ಈ ಸಲವೂ ಒಯ್ದೆ. "ಎಲ್ಲರೂ ಪಾಯಸ ಮಾಡಿದರೆ ಇವಳೊಬ್ಬಳು ಕಹಿ ತರ್ತಾಳೆ ನೋಡು" ಎಂದು ಗೊಣಗಿದಳು. ಒಂದು ತುತ್ತು ಬಾಯಿಗಿಟ್ಟು, ಬಾಗಿಲ ಕಡೆ ನೋಡುತ್ತ ಸ್ವಲ್ಪ ಹೊತ್ತು ನುಂಗದೇ ಕೂತಳು. "ನಮ್ಮವರಿಗೂ ಇದು ಇಷ್ಟ ಇತ್ತು ಅನ್ಸುತ್ತೆ ಕಣೇ" ಅಂದಳು. "ಯಾವಾಗ ಹೇಳಿದ್ದರೋ, ನೆನಪಿಲ್ಲ." ನಾನು ಸೌಟು ಎತ್ತಿ ಅವಳ ತಟ್ಟೆಗೆ ಇನ್ನಷ್ಟು ತುಪ್ಪ ಹಾಕಿದೆ.